ಭಾವಚಿತ್ರದಲ್ಲಿ ಭಾವ ಎಲ್ಲಿ ಹೋಯ್ತು?

ಪ್ರತಿ ವರ್ಷ ಸೆಪ್ಟೆಂಬರ್ 15 ಹತ್ತಿರ ಬಂತು ಅಂದ್ರೆ ನಮ್ಮ ಕಾಲೇಜಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ಗೋಡೆಯಿಂದ ಕೆಳಗಿಳಿಯುತ್ತೆ. ಗಾಜು ಒರೆಸೋದು, ದೇವರಾಜ ಮಾರ್ಕೆಟ್‌ನಿಂದ ಹಾರ ತರೋದು, ಊದುಬತ್ತಿ ಹಚ್ಚೋದು ಎಲ್ಲಾ ಕನ್ನಡ ಸಂಘದ ತಲೆಗೇ ಬೀಳೋದು. ಈ ಸಲ ಗಾಜು ಒರೆಸ್ತಿದ್ದ ಫಸ್ಟ್ ಇಯರ್ ಹುಡುಗಿಯೊಬ್ಬಳು ಕೈ ನಿಲ್ಲಿಸಿ ಕೇಳಿದಳು: "ಇವ್ರು ಯಾಕೆ ಇಷ್ಟು ಬಿಗಿಯಾಗಿ ಕೂತಿದ್ದಾರೆ? ನಗೋಕೇ ಬರ್ತಿರ್ಲಿಲ್ವಾ?"

ಸೀನಿಯರ್‌ಗಳಾದ ನಮ್ಮ ಹತ್ರ ಉತ್ತರ ರೆಡಿ ಇತ್ತು. ಆಗಿನ ಕ್ಯಾಮೆರಾ ಮುಂದೆ ತುಂಬಾ ಹೊತ್ತು ಅಲ್ಲಾಡದೆ ಕೂರಬೇಕಿತ್ತಮ್ಮಾ, ಅಷ್ಟು ಹೊತ್ತು ಹಲ್ಲು ಬಿಟ್ಕೊಂಡು ಕೂರೋಕೆ ಯಾರಿಗಾಗುತ್ತೆ ಅಂದ್ವಿ. ಅವಳು ಒಪ್ಪಿದಳು. ಸಂಜೆ ಹಾಸ್ಟೆಲಿಗೆ ಬಂದು ಲೆಕ್ಕ ಹಾಕಿದಾಗ ನಮಗೇ ಒಪ್ಪಿಗೆ ಆಗಲಿಲ್ಲ. ಸರ್ ಎಂ.ವಿ. ಹುಟ್ಟಿದ್ದು 1861ರಲ್ಲಿ, ದಿವಾನರಾಗಿದ್ದು 1912ರಿಂದ 1918ರವರೆಗೆ, ತೀರಿಕೊಂಡಿದ್ದು 1962ರಲ್ಲಿ. ಅವರು ದಿವಾನರಾಗುವ ಹೊತ್ತಿಗೆ ಒಳ್ಳೆ ಬೆಳಕಿದ್ದರೆ ಸೆಕೆಂಡಿನ ಸಣ್ಣ ಭಾಗದಲ್ಲಿ ಫೋಟೋ ತೆಗೆಯಬಹುದಿತ್ತು. ನಗಬೇಕು ಅಂದಿದ್ದರೆ ಕ್ಯಾಮೆರಾ ಅಡ್ಡಿ ಬರ್ತಿರಲಿಲ್ಲ. ಅಂದ್ರೆ ನಾವು ಕೊಟ್ಟ ಉತ್ತರ ಅರ್ಧ ಮಾತ್ರ ಸರಿ. ಉಳಿದ ಅರ್ಧ ಹುಡುಕೋಕೆ ಹೋಗಿದ್ದರಿಂದ ಈ ಲೇಖನ ಆಯ್ತು.

ಶುರು ಮಾಡೋ ಮೊದಲು ನಮ್ಮ ಭಾಷೆಯ ಒಂದು ತಮಾಷೆ ನೋಡಿ. ಒಬ್ಬರ ಮುಖದ ಚಿತ್ರಕ್ಕೆ ನಾವು 'ಭಾವಚಿತ್ರ' ಅಂತೀವಿ. ಸಭೆಯಲ್ಲಿ "ಗಣ್ಯರು ಭಾವಚಿತ್ರಕ್ಕೆ ಪುಷ್ಪಾರ್ಚನೆ ಮಾಡಬೇಕಾಗಿ ವಿನಂತಿ" ಅಂತ ನಿರೂಪಕರು ಕೂಗುವಾಗ ಯಾರೂ ಆ ಪದದ ಒಳಗೆ ಇಣುಕಿ ನೋಡಲ್ಲ. ಹೆಸರಲ್ಲೇ ಭಾವ ಇದೆ, ಚಿತ್ರದಲ್ಲಿ ಹುಡುಕಿದರೆ ಸಿಗಲ್ಲ.

ಫೋಟೋ ಅಂದ್ರೆ ಒಂದು ಇಂಟಿಗ್ರಲ್

ಮೊದಲು ಗೊತ್ತಿರೋ ಅರ್ಧವನ್ನೇ ಸರಿಯಾಗಿ ಮುಗಿಸೋಣ. ಯಾಕಂದ್ರೆ ಅದನ್ನೂ ಎಲ್ಲರೂ ಅರ್ಧಂಬರ್ಧ ಹೇಳ್ತಾರೆ.

1839ರಲ್ಲಿ ಪ್ಯಾರಿಸ್‌ನ ಡಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ. ಅದಕ್ಕೆ ಒಂದು ವರ್ಷ ಮುಂಚೆ ಅವನೇ ತೆಗೆದ ಒಂದು ರಸ್ತೆಯ ಚಿತ್ರ ಇದೆ. ಬುಲೆವಾರ್ ದು ತಾಂಪ್ಲ್ ಅನ್ನೋ ಗಿಜಿಗುಡುವ ರಸ್ತೆ ಅದು. ಚಿತ್ರದಲ್ಲಿ ಮಾತ್ರ ಖಾಲಿ ಖಾಲಿ. ಗಾಡಿಗಳಿಲ್ಲ, ಜನ ಇಲ್ಲ. ಮೂಲೆಯಲ್ಲಿ ಒಬ್ಬ ಮಾತ್ರ ಬೂಟು ಪಾಲಿಶ್ ಮಾಡಿಸಿಕೊಳ್ತಾ ನಿಂತಿದ್ದಾನೆ. ಎಕ್ಸ್‌ಪೋಶರ್ ಹಲವು ನಿಮಿಷಗಳದ್ದಾದ್ದರಿಂದ ಓಡಾಡ್ತಿದ್ದವರೆಲ್ಲ ಅಳಿಸಿಹೋದರು. ಕಾಲು ಚಾಚಿ ನಿಂತವನು ಉಳಿದ.

ಪ್ಲೇಟ್ ಮೇಲೆ ಒಂದು ಬಿಂದುವಿಗೆ ಬಂದು ಬೀಳೋ ಬೆಳಕೆಲ್ಲ ಕಾಲಕ್ಕೆ ತಕ್ಕಂತೆ ಕೂಡ್ತಾ ಹೋಗುತ್ತೆ. ಸಿಗ್ನಲ್ಸ್ ಪೇಪರ್ ಬರೆದು ಪಾಸಾದವರಿಗೆ ಇದು ಥಟ್ಟಂತ ಹೊಳೆಯಬೇಕು: ದೀರ್ಘ ಎಕ್ಸ್‌ಪೋಶರ್ ಒಂದು ಲೋ ಪಾಸ್ ಫಿಲ್ಟರ್. ಬೇಗ ಬಂದು ಬೇಗ ಹೋಗೋದೆಲ್ಲ ಸೋಸಿಹೋಗಿ ಡಿ.ಸಿ. ಮಾತ್ರ ಕೈಗೆ ಸಿಗುತ್ತೆ. ಮುಖಕ್ಕೂ ಇದೇ ನಿಯಮ. ಸಹಜವಾದ ನಗು ಸಾಮಾನ್ಯವಾಗಿ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ನಿಲ್ಲಲ್ಲ. ಅದರ ಒಳಗೇ ಏರಿಳಿತ ಬೇರೆ. ಹತ್ತು ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ಅಂಥ ನಗು ತುಟಿಯ ಸುತ್ತ ಒಂದು ಮಸುಕಾಗಿ ಉಳಿಯುತ್ತೆ ಅಷ್ಟೆ.

ಒಂದು ಸಣ್ಣ ಲೆಕ್ಕ. ಇಪ್ಪತ್ತು ಸೆಂ.ಮೀ. ಉದ್ದದ ಮುಖ ಪ್ಲೇಟ್ ಮೇಲೆ ಮೂರು ಸೆಂ.ಮೀ. ಆಗಿ ಬರುತ್ತೆ ಅಂದ್ಕೊಳ್ಳಿ. ತಲೆ ಐದು ಮಿ.ಮೀ. ವಾಲಿದರೆ ಪ್ಲೇಟ್ ಮೇಲೆ 0.75 ಮಿ.ಮೀ. ಸರಿಯುತ್ತೆ. ಏನು ಮಹಾ ಅನ್ನಬೇಡಿ. ಅದೇ ಪ್ಲೇಟ್ ಮೇಲೆ ಕಣ್ಣಿನ ಉದ್ದ ನಾಲ್ಕೂವರೆ ಮಿ.ಮೀ. ಮಾತ್ರ. ಕಣ್ಣಿನ ಆರನೇ ಒಂದು ಭಾಗ ಕಲಸಿಹೋಯ್ತು. ಅದಕ್ಕೇ ಸ್ಟುಡಿಯೋಗಳಲ್ಲಿ ಕತ್ತಿನ ಹಿಂದೆ ಕಬ್ಬಿಣದ ಆನಿಕೆ ಇಡ್ತಿದ್ದರು. ಹಳೇ ಫೋಟೋಗಳಲ್ಲಿ ನಿಂತವರ ಪಾದದ ಹಿಂದೆ ಅದರ ಬುಡ ಕಾಣಿಸೋದೂ ಉಂಟು, ಹುಡುಕಿ ನೋಡಿ. ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ, ಹೂದಾನಿ ಇಟ್ಟ ಟೀಪಾಯಿ ಮೇಲೆ ಇನ್ನೊಂದು ಕೈ ಅನ್ನೋ ಆ ಭಂಗಿಯೂ ಹುಟ್ಟಿದ್ದು ಹೀಗೇ ಇರಬೇಕು. ನಮ್ಮ ಸಿವಿಲ್ ಗೆಳೆಯರ ಭಾಷೆಯಲ್ಲಿ ಹೇಳೋದಾದರೆ ಇನ್ನೆರಡು ಸಪೋರ್ಟ್ ಕೊಡೋದು.

ಕಣ್ಣು ಮಿಟುಕಿಸಿದರೆ ಏನಾಗ್ತಿತ್ತು? ಏನೂ ಆಗ್ತಿರಲಿಲ್ಲ. ಹತ್ತು ಸೆಕೆಂಡಲ್ಲಿ ಮೂರು ಸಲ ರೆಪ್ಪೆ ಬಡಿದರೂ, ಒಂದೊಂದಕ್ಕೆ 0.2 ಸೆಕೆಂಡ್ ಅಂತ ಹಿಡಿದರೆ, ಒಟ್ಟು ಬೆಳಕಿನಲ್ಲಿ ಆರು ಪರ್ಸೆಂಟ್ ವ್ಯತ್ಯಾಸ. ಯಾರಿಗೂ ಕಾಣಲ್ಲ. ಆದರೆ ಕೂತವರಿಗೆ ಇದು ಗೊತ್ತಿರಬೇಕಲ್ಲ! ಮಿಟುಕಿಸಿದರೆ ಫೋಟೋ ಕೆಡುತ್ತೆ ಅನ್ನೋ ಹೆದರಿಕೆಗೆ ಕಣ್ಣು ಅಗಲ ಮಾಡಿಕೊಂಡು ಕೂತ ಮುಖಗಳನ್ನು ಇವತ್ತು ನಾವು ನೋಡಿ "ಏನು ಖಡಕ್ಕು" ಅಂತೀವಿ.

ಈ ಕಷ್ಟ ಎಷ್ಟು ದಿನ ಇತ್ತು ಅನ್ನೋದೇ ಇಲ್ಲಿ ಮುಖ್ಯ. 1840ರಲ್ಲೇ ವಿಯೆನ್ನಾದ ಪೆಟ್ಸ್‌ವಾಲ್ ಎಂಬ ಗಣಿತದ ಪ್ರೊಫೆಸರ್ ಲೆಕ್ಕ ಹಾಕಿ ಎಫ್ 3.6ರ ಲೆನ್ಸ್ ವಿನ್ಯಾಸ ಮಾಡಿದ. ಅದಕ್ಕೂ ಮೊದಲಿನ ಲೆನ್ಸುಗಳು ಸುಮಾರು ಎಫ್ 15ರವು. ಎರಡರ ಅನುಪಾತದ ವರ್ಗ ತಗೊಂಡರೆ ಹದಿನೇಳು. ಒಂದೇ ಏಟಿಗೆ ಕಾಯೋ ಹೊತ್ತು ಹದಿನೇಳರಲ್ಲಿ ಒಂದು ಪಾಲಾಯ್ತು. 1851ರಲ್ಲಿ ಆರ್ಚರ್‌ನ ಹಸಿ ಕೊಲೋಡಿಯನ್ ಪ್ಲೇಟ್ ಬಂದು ಕೆಲವೇ ಸೆಕೆಂಡಿಗೆ ಇಳಿಯಿತು. ಆದರೆ ಆ ಪ್ಲೇಟ್ ಒಣಗೋದ್ರೊಳಗೆ ಲೇಪನ, ಫೋಟೋ, ಡೆವಲಪಿಂಗ್ ಮೂರೂ ಮುಗೀಬೇಕು. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಆ ಕೆಲಸ ಮಾಡಿದವರ ಪಾಡು ಊಹಿಸಿಕೊಳ್ಳಿ. 1871ರಲ್ಲಿ ಮ್ಯಾಡಾಕ್ಸ್ ಜೆಲಟಿನ್ ಒಣ ಪ್ಲೇಟಿನ ದಾರಿ ತೋರಿಸಿದ. 1878ರಲ್ಲಿ ಮೈಬ್ರಿಜ್ ಓಡೋ ಕುದುರೆಯ ನಾಲ್ಕೂ ಕಾಲು ನೆಲ ಬಿಟ್ಟ ಕ್ಷಣವನ್ನೇ ಹಿಡಿದ. ಕುದುರೆಯ ಗೊರಸು ಹಿಡಿಯೋಕೆ ಆದ ಮೇಲೆ ಮನುಷ್ಯನ ತುಟಿ ಹಿಡಿಯೋಕೆ ಆಗಲ್ವಾ? ಆಗುತ್ತೆ. ಆದರೂ ಅದಾದ ಮೇಲೆ ಇನ್ನೂ ಅರವತ್ತು ಎಪ್ಪತ್ತು ವರ್ಷ ನಮ್ಮ ಮನೆಗಳ ಗೋಡೆ ಮೇಲೆ ಯಾರೂ ನಗಲಿಲ್ಲ.

ಅರಮನೆಯ ಮುಖಗಳು

ಟಿಪ್ಪು ಸುಲ್ತಾನ್ 1799ರಲ್ಲಿ ಸತ್ತಾಗ ಡಾಗೇರ್‌ಗೆ ಹನ್ನೊಂದು ವರ್ಷ. ಹಾಗಾಗಿ ಮೈಸೂರಿನ ಹಳೇ ದೊರೆಗಳ ಮುಖಗಳು ನಮಗೆ ಚಿತ್ರಕಾರರ ಕುಂಚದಿಂದ ಮಾತ್ರ ಗೊತ್ತು. ಅದೇ 1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದು 1868ರವರೆಗೆ ಬದುಕಿದ ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ಮುಪ್ಪಿನಲ್ಲಿ ಕ್ಯಾಮೆರಾ ಮುಂದೆ ಕೂತರು. ಅವರ ಕಾಲದ್ದು ಕೊಲೋಡಿಯನ್. ಅಲ್ಲಿಗೆ ನಮ್ಮ ಮೊದಲಿನ ಉತ್ತರ ನಡೆಯುತ್ತೆ.

ನಾಲ್ವಡಿ ಕೃಷ್ಣರಾಜ ಒಡೆಯರ್ ವಿಷಯಕ್ಕೆ ಬಂದರೆ ನಡೆಯಲ್ಲ. ಅವರು ಹುಟ್ಟಿದ್ದೇ 1884ರಲ್ಲಿ, ಒಣ ಪ್ಲೇಟು ಅಂಗಡಿಗೆ ಬಂದ ಮೇಲೆ. 1894ರ ಡಿಸೆಂಬರ್‌ನಲ್ಲಿ ತಂದೆ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡರು. ಮುಂದಿನ ಫೆಬ್ರವರಿಯಲ್ಲಿ ಹತ್ತು ವರ್ಷದ ಹುಡುಗ ದೊರೆಯಾದ. ಆ ಬಾಲಕನ ಫೋಟೋಗಳನ್ನು ನೋಡಿ: ಪೇಟ, ಆಭರಣ, ಮತ್ತೆ ಆ ವಯಸ್ಸಿಗೆ ಹೊಂದದ ಗಾಂಭೀರ್ಯ. ಆಮೇಲೆ 1940ರವರೆಗೂ ಅವರ ಅಧಿಕೃತ ಫೋಟೋಗಳಲ್ಲಿ ಅದೇ ಗಾಂಭೀರ್ಯ ಮುಂದುವರಿಯಿತು. ಇಲ್ಲಿ ಕ್ಯಾಮೆರಾದ ಕೈವಾಡ ಇಲ್ಲ. ದಸರಾ ದರ್ಬಾರಿನಲ್ಲಿ ಸಿಂಹಾಸನದ ಮೇಲೆ ಕೂತ ದೊರೆಯನ್ನು ಜನ ನೋಡೋಕೆ ಬರ್ತಿದ್ದದ್ದು ಒಂಥರಾ ದರ್ಶನಕ್ಕೆ. ಉತ್ಸವಮೂರ್ತಿ ಯಾರನ್ನೋ ನೋಡಿ ಹಲ್ಲು ಕಿರಿಯುತ್ತಾ? ಫೋಟೋ ಆ ದರ್ಶನದ ಮುಂದುವರಿಕೆ ಅಷ್ಟೇ.

ಇದಕ್ಕೆ ಸಾಕ್ಷಿ ನಮ್ಮೂರಲ್ಲೇ ಇದೆ, ನಮ್ಮಲ್ಲಿ ಬಹಳ ಜನ ನೋಡಿಯೂ ನೋಡಿಲ್ಲ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ವರ್ಣಚಿತ್ರಗಳಿವೆ. ನವಿಲಿನ ಗಾಜಿನ ಚಾವಣಿ ನೋಡ್ತಾ ಕತ್ತು ಮೇಲೆತ್ತಿಕೊಂಡೇ ನಡೆಯೋದ್ರಿಂದ ಗೋಡೆ ಕಣ್ಣಿಗೆ ಬೀಳಲ್ಲ. ಆ ಚಿತ್ರಗಳನ್ನು ನಿಜವಾದ ಫೋಟೋಗಳನ್ನು ಎದುರಿಗಿಟ್ಟುಕೊಂಡು ಬರೆದಿದ್ದು. ಅದಕ್ಕೇ ಒಬ್ಬರ ಮುಖ ಇನ್ನೊಬ್ಬರ ಹಾಗಿಲ್ಲ. ಮುಂದಿನ ಸಲ ಹೋದಾಗ ಅಲ್ಲಿ ಹಲ್ಲು ಕಾಣೋ ಮುಖ ಎಷ್ಟಿವೆ ಎಣಿಸಿ. ಕುಂಚ ಹಿಡಿದವರಿಗೆ ಎಕ್ಸ್‌ಪೋಶರ್ ಹಂಗಿಲ್ಲ, ಬೇಕಂದಿದ್ದರೆ ಹಬ್ಬದ ದಿನ ಎಲ್ಲರನ್ನೂ ನಗಿಸಬಹುದಿತ್ತು. ಅವರಿಗೂ ಬೇಡವಾಗಿತ್ತು.

ಇದು ಬ್ರಿಟಿಷರಿಂದ ಬಂದ ಬಿಗುಮಾನ ಅಂತ ಕೆಲವರು ಹೇಳಬಹುದು. ಒಂದಿಷ್ಟು ಇರಬಹುದು. ಆದರೆ ನಗುವಿಗೆ ಅಂತಸ್ತು ಕಟ್ಟಿದವರಲ್ಲಿ ನಾವೇ ಮುಂದು. ನಾಟ್ಯಶಾಸ್ತ್ರದಲ್ಲಿ ಹಾಸ್ಯಕ್ಕೆ ಆರು ಬಗೆ ಹೇಳಿದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮ ಪಾತ್ರಗಳಿಗೆ, ನಡುವಿನ ಎರಡು ಮಧ್ಯಮರಿಗೆ, ಕೊನೆಯೆರಡು ಅಧಮರಿಗೆ. ಸ್ಮಿತದಲ್ಲಿ ಕೆನ್ನೆ ಒಂಚೂರು ಅರಳುತ್ತೆ, ಹಲ್ಲು ಕಾಣಿಸಲ್ಲ. ಅಂದ್ರೆ ರಾಜ, ರಾಣಿ, ದಿವಾನ, ಮೇಷ್ಟ್ರು ಇವರಿಗೆಲ್ಲ ಸಲ್ಲೋ ನಗು ಹಲ್ಲು ಕಾಣದ ನಗು. ಅದು ಪ್ಲೇಟಿನ ಮೇಲೆ ಬಿದ್ದಾಗ 'ನಗದ ಮುಖ' ಅಂತ ಓದ್ಕೋತಿರೋದು ನಾವು. ಹೆಂಗಸರಿಗಂತೂ ಇನ್ನೂ ಕಷ್ಟ. ನಗೋ ಹೆಂಗಸನ್ನೂ ಅಳೋ ಗಂಡಸನ್ನೂ ನಂಬಬಾರದು ಅನ್ನೋ ಗಾದೆ ಇರೋ ಊರಲ್ಲಿ ಯಾವ ಸೊಸೆ ಮಾವನ ಎದುರಿಗೆ ಕ್ಯಾಮೆರಾ ನೋಡಿ ನಕ್ಕಾಳು?

ಕುಂಕುಮ ಯಾಕೆ ಕಪ್ಪು?

ಇಲ್ಲಿ ಮತ್ತೆ ಒಂಚೂರು ಕೆಮಿಸ್ಟ್ರಿ. ಬೋರ್ ಆಗಲ್ಲ, ಇದೇ ಈ ಹುಡುಕಾಟದಲ್ಲಿ ನಮಗೆ ತುಂಬಾ ಹಿಡಿಸಿದ ಭಾಗ.

ಹಳೇ ಪ್ಲೇಟಿನ ಬೆಳ್ಳಿಯ ಲವಣಗಳಿಗೆ ನೀಲಿ ಮತ್ತು ನೇರಳಾತೀತ ಬೆಳಕು ಮಾತ್ರ ಚೆನ್ನಾಗಿ ಕಾಣೋದು. ಸುಮಾರು 500 ನ್ಯಾನೋಮೀಟರ್ ದಾಟಿದ ಹಸಿರು, ಹಳದಿ, ಕೆಂಪಿಗೆ ಅವು ಹೆಚ್ಚು ಕಡಿಮೆ ಕುರುಡು. 1873ರಲ್ಲಿ ಜರ್ಮನಿಯ ಫೋಗೆಲ್ ಬಣ್ಣದ ರಾಸಾಯನಿಕ ಸೇರಿಸಿ ಹಸಿರಿನ ಕಡೆಗೆ ದೃಷ್ಟಿ ಕೊಟ್ಟ. ಕೆಂಪೂ ಕಾಣೋ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಅಲ್ಲಿಯವರೆಗೆ ಮುತ್ತೈದೆಯರ ಹಣೆಯ ಕೆಂಪು ಕುಂಕುಮ ಫೋಟೋದಲ್ಲಿ ಕಪ್ಪು ಬೊಟ್ಟು. ಅರಿಶಿನ ಹಚ್ಚಿದ ಕೆನ್ನೆ ಮಂಕು. ವಿಭೂತಿ ಮಾತ್ರ ಬೆಳ್ಳಗೆ ಹೊಳೆಯುತ್ತೆ. ಎಲೆ ಅಡಿಕೆ ಹಾಕಿ ಕೆಂಪಾದ ಬಾಯಿ ಬಿಟ್ಟು ನಕ್ಕರೆ ಹಲ್ಲಿನ ಜಾಗ ಕತ್ತಲೆ ಗುಹೆ. ಯಾರು ತಾನೇ ದುಡ್ಡು ಕೊಟ್ಟು ಹಾಗೆ ಕಾಣಿಸ್ಕೋತಾರೆ?

ಇದರಿಂದ ಇನ್ನೊಂದು ಪರಿಣಾಮ. ನಮ್ಮ ಮೈಬಣ್ಣ ನೀಲಿಗಿಂತ ಕೆಂಪನ್ನು ಹೆಚ್ಚು ಪ್ರತಿಫಲಿಸುತ್ತೆ. ಹಾಗಾಗಿ ಆ ಪ್ಲೇಟ್ ಮೇಲೆ ಮುಖ ಇರೋದಕ್ಕಿಂತ ಕಪ್ಪಾಗಿ, ಹಣೆಯ ಗೆರೆ ಇರೋದಕ್ಕಿಂತ ಆಳವಾಗಿ, ಕಣ್ಣಿನ ಬಿಳಿ ಇರೋದಕ್ಕಿಂತ ಬಿಳಿಯಾಗಿ ಬರುತ್ತೆ. ಪಾಪದ ಮನುಷ್ಯನೂ ಕೆಕ್ಕರಿಸಿ ನೋಡಿದ ಹಾಗೆ ಕಾಣ್ತಾನೆ. ಅದರ ಮೇಲೆ ಬಿಸಿಲು. ಆಗ ಸ್ಟುಡಿಯೋ ದೀಪ ಅಂದ್ರೆ ಸೂರ್ಯನೇ, ಮನೆಗೆ ಕರೆಸಿದರೆ ಅಂಗಳದಲ್ಲೋ ಮಹಡಿ ಮೇಲೋ ಕೂರಿಸ್ತಿದ್ದರು. ಹುಬ್ಬು ಗಂಟಾಗೋಕೆ ಸಿಟ್ಟೇ ಬೇಕಂತಿಲ್ಲ. ಕೊನೆಗೆ ರೀಟಚಿಂಗ್ ಮಾಡೋರು ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಸುಕ್ಕು ತಿದ್ದುತ್ತಿದ್ದರು. ಕಣ್ಣಿನ ಕೊನೆಯ ಸಣ್ಣ ಗೆರೆಗಳು ಹೋದರೆ ವಯಸ್ಸು ಕಡಿಮೆ ಕಾಣುತ್ತೆ, ನಿಜ. ಆದರೆ ಅಲ್ಪಸ್ವಲ್ಪ ನಗು ಇದ್ದರೆ ಅದು ಇರ್ತಿದ್ದದ್ದೂ ಅಲ್ಲೇ.

ಆ ಗೆರೆಗಳ ವಿಷಯ ಮೊದಲು ಸರಿಯಾಗಿ ಕಂಡುಕೊಂಡವನು ಫ್ರಾನ್ಸಿನ ಡಾಕ್ಟರ್ ದುಷೆನ್. ನಮ್ಮ ಎಲೆಕ್ಟ್ರಿಕಲ್ ವಿಭಾಗದವರಿಗೆ ಇವನು ಇಷ್ಟವಾಗ್ತಾನೆ. ನಿಜವಾದ ಭಾವ ಕ್ಯಾಮೆರಾ ಮುಂದೆ ನಿಲ್ಲಲ್ಲ ಅಂತ ಅವನು ಮುಖದ ಒಂದೊಂದೇ ಸ್ನಾಯುವಿಗೆ ವಿದ್ಯುತ್ ಕೊಟ್ಟು, ಅದು ಸೆಟೆದು ನಿಂತಿರುವಾಗ ಫೋಟೋ ತೆಗೆಸಿದ. 1862ರಲ್ಲಿ ಪುಸ್ತಕ ಮಾಡಿದ. ಬಾಯಿಯ ತುದಿ ಎಳೆಯೋ ಸ್ನಾಯು ನಾವು ಹೇಳಿದ ಮಾತು ಕೇಳುತ್ತೆ, ಕಣ್ಣಿನ ಸುತ್ತಲಿನದು ಮನಸ್ಸಿನ ಮಾತು ಮಾತ್ರ ಕೇಳುತ್ತೆ ಅನ್ನೋದು ಅವನ ತೀರ್ಮಾನ. ಮುಂದೆ ಡಾರ್ವಿನ್ ಆ ಫೋಟೋಗಳಲ್ಲಿ ಕೆಲವನ್ನು ತನ್ನ ಮನೆಗೆ ಬಂದ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ತೋರಿಸಿ, ಇದು ಯಾವ ಭಾವ ಹೇಳಿ ಅಂತ ಕೇಳಿದ. ಕೆಲವು ಚಿತ್ರಗಳಿಗೆ ಎಲ್ಲರೂ ಒಂದೇ ಉತ್ತರ ಕೊಟ್ಟರು. ಕೆಲವಕ್ಕೆ ತಲೆಗೊಂದು ಉತ್ತರ. 1872ರ ತನ್ನ ಪುಸ್ತಕದಲ್ಲಿ ಡಾರ್ವಿನ್ ಇದನ್ನು ಪ್ರಾಮಾಣಿಕವಾಗಿ ಬರೆದಿದ್ದಾನೆ. ಅದೇ ಕಾಲಕ್ಕೆ, 1868ರಿಂದ 1875ರವರೆಗೆ, ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ತಂದು, ಇಲ್ಲಿನ ಜನರ ಫೋಟೋಗಳ ಪಕ್ಕದಲ್ಲಿ ಇಂಥ ಜಾತಿಯವರ ಸ್ವಭಾವ ಇಂಥದ್ದು ಅಂತ ಷರಾ ಬರೆಯಿತು. ಕೂತವರನ್ನು ಯಾರೂ ಕೇಳಲಿಲ್ಲ.

ಸಿಟ್ಟು ಅಂತ ಹೇಳಿದ ಮಾಡೆಲ್

ಈಗ ನಮ್ಮದೇ ಕಥೆ. ರಾಜ್ಯೋತ್ಸವಕ್ಕೆ ಹಳೇ ಫೋಟೋಗಳ ಪ್ರದರ್ಶನ ಮಾಡೋಣ ಅಂತ ಎಲ್ಲರಿಗೂ ಮನೆಯಿಂದ ಒಂದೊಂದು ಫೋಟೋ ತರೋಕೆ ಹೇಳಿದ್ವಿ. ಕಂಪ್ಯೂಟರ್ ಸೈನ್ಸ್‌ನ ಇಬ್ಬರು ತಾವು ಮೈನರ್ ಪ್ರಾಜೆಕ್ಟಿಗೆ ಮಾಡಿದ್ದ ಭಾವನೆ ಗುರುತಿಸೋ ಮಾಡೆಲ್‌ಗೆ ಆ ಫೋಟೋಗಳನ್ನೆಲ್ಲ ಕೊಟ್ಟರು. ಟ್ರೇನ್ ಮಾಡಿದ್ದು ಎಲ್ಲರೂ ಬಳಸೋ ಎಫ್‌ಇಆರ್ 2013 ಡೇಟಾಸೆಟ್ ಮೇಲೆ: 48 ಇಂಟು 48 ಪಿಕ್ಸೆಲ್‌ನ 35,887 ಮುಖಗಳು, ಏಳು ಲೇಬಲ್. ಗೂಗಲ್‌ನಲ್ಲಿ ಭಾವನೆಯ ಪದಗಳನ್ನು ಕೊಟ್ಟು ಹುಡುಕಿ ಸೇರಿಸಿದ ಚಿತ್ರಗಳು ಅವು. ನಮ್ಮ ಮುತ್ತಜ್ಜ ಮುತ್ತಜ್ಜಿಯರು ಆ ಏಳು ಡಬ್ಬಿಗಳಲ್ಲಿ ಎಲ್ಲಿ ಬಿದ್ದರು ಅಂತ ಕೇಳಬೇಡಿ. ನ್ಯೂಟ್ರಲ್, ದುಃಖ, ಸಿಟ್ಟು. ಖುಷಿ ಅಂತ ಬಂದದ್ದು ಒಬ್ಬ ತಾತನಿಗೆ, ಅದೂ ಅವರ ಮೀಸೆಯ ತುದಿ ಮೇಲಕ್ಕೆ ತಿರುವಿದ್ದಕ್ಕೆ ಅಂತ ನಮ್ಮ ಅನುಮಾನ.

ಒಬ್ಬ ಗೆಳೆಯನ ಮುತ್ತಜ್ಜಿಗೆ ಖಡಾಖಂಡಿತವಾಗಿ 'ಸಿಟ್ಟು' ಅಂತ ಬಂತು. 1940ರ ದಶಕದ ಫೋಟೋ. ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತು. ತುಟಿ ಬಿಗಿ, ಹುಬ್ಬು ಗಂಟು, ಮೂಗಿನ ಹೊಳ್ಳೆ ಅರಳಿದೆ. ನಮಗೂ ನೋಡಿದರೆ ಸಿಟ್ಟೇ. ಬಲವಂತದ ಮದುವೆ ಇರಬೇಕು ಪಾಪ ಅಂತ ನಮ್ಮಲ್ಲೊಬ್ಬಳು ಕಣ್ಣಲ್ಲಿ ನೀರೂ ತಂದ್ಕೊಂಡಳು. ಪ್ರದರ್ಶನದಲ್ಲಿ ಹಾಕೋ ಚೀಟಿಗೆ ಎರಡು ಸಾಲು ಹಾಗೇ ಬರೆದೂ ಆಗಿತ್ತು.

ಫ್ರೇಮು ವಾಪಸ್ ಕೊಡೋಕೆ ಅಗ್ರಹಾರದ ಅವನ ಮನೆಗೆ ಹೋದಾಗ ಅವನ ಅಜ್ಜಿ, ಅಂದ್ರೆ ಆ ಫೋಟೋದಲ್ಲಿರೋರ ಮಗಳು, ಕಾಫಿ ಕೊಟ್ಟು ಕೂರಿಸಿದರು. ಮಾಡೆಲ್ ಏನು ಹೇಳ್ತು ಅಂತ ಹೇಳಿದ್ವಿ. ಅಜ್ಜಿ ನಕ್ಕಿದ್ದು ನಿಲ್ಲೋಕೆ ಐದು ನಿಮಿಷ ಹಿಡೀತು.

"ಸಿಟ್ಟೂ ಇಲ್ಲ ಗಿಟ್ಟೂ ಇಲ್ಲ ಕಣ್ರಪ್ಪಾ. ಫೋಟೋದವನು ಕರೀ ಬಟ್ಟೆ ಹೊದ್ಕೊಂಡು ಬಗ್ಗಿ ನಿಂತ್ನಂತೆ. ನಮ್ಮಮ್ಮಂಗೆ ಹದಿನಾರೋ ಹದಿನೇಳೋ. ಮೂರು ಮರದ ಕಾಲು, ಎರಡು ಮನುಷ್ಯನ ಕಾಲು, ತಲೆ ಇಲ್ಲ. ನೋಡಿ ನಗು ತಡೆಯೋಕಾಗಿಲ್ಲ. ಎರಡು ಸಲ ಪ್ಲೇಟ್ ಹಾಳಾಯ್ತಂತೆ. ನಮ್ತಾತ ಅಲ್ಲೇ ನಿಂತಿದ್ರಲ್ಲ, ದುಡ್ಡು ಯಾರ್ ಕೊಡ್ತಾರೆ ಅಂತ ಕಣ್ಣು ಬಿಟ್ರಂತೆ. ಅದಕ್ಕೇ ಹೀಗೆ ತುಟಿ ಕಚ್ಕೊಂಡು ನಿಂತಿದಾಳೆ. ಸಾಯೋ ತನಕ ಇದನ್ನ ಹೇಳ್ಕೊಂಡು ನಗ್ತಿದ್ಲು."

ಮತ್ತೆ ಫೋಟೋ ನೋಡಿದ್ವಿ. ತಡೆದಿಟ್ಟ ನಗು! ಹೊಳ್ಳೆ ಅರಳಿರೋದು, ಕೆಳತುಟಿ ಒಳಗೆ ಸರಿದಿರೋದು, ಹೇಳಿದ ಮೇಲೆ ಎಲ್ಲಾ ಸ್ಪಷ್ಟ. ಏಳು ಲೇಬಲ್‌ಗಳಲ್ಲಿ ಇದಕ್ಕೆ ಜಾಗ ಇಲ್ಲ. ಮಾಡೆಲ್‌ನ ಬೈಯೋಣ ಅಂದ್ರೆ, ಅದಕ್ಕಿಂತ ಮುಂಚೆ ಕಣ್ಣೀರು ಹಾಕಿದ್ದು ನಾವೇ ತಾನೆ. ಚೀಟಿ ಹರಿದು ಹಾಕಿ ಬೇರೆ ಬರೆದ್ವಿ.

ನಮ್ಮ ಪ್ರದರ್ಶನದಲ್ಲಿ ತಪ್ಪಿದರೆ ಒಂದು ಚೀಟಿ ಹೋಗುತ್ತೆ ಅಷ್ಟೆ. ಆದರೆ ಮುಖ ನೋಡಿ ಮನಸ್ಸು ಹೇಳ್ತೀವಿ ಅನ್ನೋ ಸಾಫ್ಟ್‌ವೇರ್‌ಗಳನ್ನು ಇಂಟರ್‌ವ್ಯೂಗೂ ಆನ್‌ಲೈನ್ ಪರೀಕ್ಷೆಗೂ ಮಾರಾಟ ಮಾಡೋರಿದ್ದಾರೆ, ಅವನ್ನು ಬರೆಯೋ ಕೆಲಸಕ್ಕೆ ನಾಳೆ ಹೋಗೋರು ನಾವೇ. ಮುಖದ ಚಲನೆಯಿಂದ ಒಳಗಿನ ಭಾವನೆಯನ್ನು ನಂಬಿಕೆಯಿಂದ ಹೇಳೋಕಾಗಲ್ಲ ಅಂತ 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ಬರೆದರು. ಐರೋಪ್ಯ ಒಕ್ಕೂಟದ 2024ರ ಎಐ ಕಾಯ್ದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟರೆ, ಕೆಲಸದ ಜಾಗದಲ್ಲೂ ಶಾಲೆ ಕಾಲೇಜುಗಳಲ್ಲೂ ಇದನ್ನು ನಿಷೇಧಿಸಿದೆ.

ಹಾಗಾದರೆ ಫೋಟೋದಲ್ಲಿ ನಗೋದು ಯಾವಾಗ ಶುರುವಾಯ್ತು?

ಅಜ್ಜಿಯ ಮಾತಿನಲ್ಲೇ ಅದರ ಸುಳಿವಿದೆ: ಎರಡು ಪ್ಲೇಟ್ ಹಾಳಾಯ್ತು, ದುಡ್ಡು ಯಾರು ಕೊಡ್ತಾರೆ. ಜೀವಮಾನದಲ್ಲಿ ಒಂದೋ ಎರಡೋ ಫೋಟೋ ತೆಗೆಸಿಕೊಳ್ಳೋರಿಗೆ ಅದು ಆ ಕ್ಷಣದ ಚಿತ್ರ ಆಗಿರಲಿಲ್ಲ, ಇಡೀ ಜೀವನದ್ದಾಗಿತ್ತು. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿ ಆಗುತ್ತೆ ಅಂತ ಹೆದರೋರೂ ಇದ್ದರು. ಆ ಪಟ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು: ನಡುಮನೆಯ ಗೋಡೆಗೆ, ಆಮೇಲೆ ಒಂದು ದಿನ ಗಂಧದ ಹಾರದ ಹಿಂದಕ್ಕೆ. ಮೊಮ್ಮಕ್ಕಳು ಕೈ ಮುಗಿಯೋ ಮುಖಕ್ಕೆ ಯಾವ ಭಾವ ಇಡಬೇಕು ಅಂತ ಅವರು ಯೋಚಿಸಿಯೇ ಕೂತಿದ್ದರು. ಈಗ ಶ್ರದ್ಧಾಂಜಲಿ ಫ್ಲೆಕ್ಸ್‌ಗಳಲ್ಲಿ ತೀರಿಕೊಂಡವರು ಹಲ್ಲು ಬಿಟ್ಟು ನಗ್ತಿರೋದು ನೋಡಿದರೆ ಅವರು ಬೆಚ್ಚಿ ಬೀಳ್ತಿದ್ದರು.

1888ರಲ್ಲಿ ಕೊಡ್ಯಾಕ್, 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂದ ಮೇಲೆ ಅಮೆರಿಕದಲ್ಲಿ ಕ್ಯಾಮೆರಾ ಮನೆಯ ವಸ್ತುವಾಯ್ತು. ಜಾಹೀರಾತಿನ ತುಂಬ ನಗುಮುಖಗಳು. ನಗು ಮೆಲ್ಲಗೆ ಕಲಿತ ಅಭ್ಯಾಸ ಅನ್ನೋದಕ್ಕೆ ಲೆಕ್ಕವೂ ಇದೆ. 2015ರಲ್ಲಿ ಬರ್ಕ್ಲಿಯ ಶಿರಿ ಗಿನೋಸರ್ ತಂಡ 1905ರಿಂದ 2013ರವರೆಗಿನ ಅಮೆರಿಕದ ಹೈಸ್ಕೂಲ್ ಇಯರ್‌ಬುಕ್‌ಗಳಿಂದ 37,921 ಮುಖಗಳನ್ನು ತೆಗೆದು ತುಟಿಯ ಬಾಗು ಅಳೆಯಿತು. ದಶಕದಿಂದ ದಶಕಕ್ಕೆ ಅದು ಏರ್ತಾ ಹೋಗಿದೆ, ಹುಡುಗಿಯರದ್ದು ಹುಡುಗರಿಗಿಂತ ಹೆಚ್ಚು. ನಮ್ಮಲ್ಲೂ ಒಂದೊಂದು ಕಾಲೇಜಿನಲ್ಲಿ ಹಳೇ ಗ್ರೂಪ್ ಫೋಟೋಗಳು ಸಾಲಾಗಿ ತೂಗ್ತಿವೆ. ಯಾರಾದರೂ ಈ ಪ್ರಾಜೆಕ್ಟ್ ಮೈಸೂರಿನಲ್ಲಿ ಮಾಡಬಾರದಾ?

ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರನ್ನು ಇಲ್ಲಿ ನೆನೆಯಲೇಬೇಕು. 1923ರಲ್ಲಿ ಹುಟ್ಟಿದ ಅವರು ಕ್ಯಾಮೆರಾ ಹಿಡಿದು ಬೀದಿಗಿಳಿಯೋ ಹೊತ್ತಿಗೆ ಕೈಯಲ್ಲಿ ಹಿಡಿಯೋ ಸಣ್ಣ ಕ್ಯಾಮೆರಾ ಬಂದಿತ್ತು. ಅವರು ಯಾರನ್ನೂ ಕುರ್ಚಿಯಲ್ಲಿ ಕೂರಿಸೋಕೆ ಹೋಗಲಿಲ್ಲ. ಜನ ಇದ್ದಲ್ಲಿಗೇ ಹೋದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಫೋಟೋಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಆದವು. ನಮ್ಮ ಮನೆಯ ಗೋಡೆಯಲ್ಲಿ ಬಿಗಿದುಕೊಂಡು ಕೂತಿರೋ ಇದೇ ಜನ ಅವರ ಫೋಟೋಗಳಲ್ಲಿ ಸಂತೆಯಲ್ಲಿ, ಜಗಲಿಯಲ್ಲಿ ಬಾಯ್ತುಂಬ ನಗ್ತಾರೆ. ಕ್ಯಾಮೆರಾಗಾಗಿ ಅಲ್ಲ, ತಮ್ಮ ಪಾಡಿಗೆ ತಾವು.

ಈಗ ಪಾಸ್‌ಪೋರ್ಟ್ ಫೋಟೋಗೆ ಹೋದರೆ ಮತ್ತೆ ಅದೇ ಹಳೇ ಪಾಠ: ಬಾಯಿ ಮುಚ್ಚಿ, ನಗಬೇಡಿ, ನೇರ ನೋಡಿ. ಮುಖ ಹೋಲಿಸೋ ಯಂತ್ರಕ್ಕೆ ನಗು ಬೇಡ. ನಮ್ಮ ಆಧಾರ್ ಕಾರ್ಡುಗಳನ್ನು ನೂರು ವರ್ಷ ಬಿಟ್ಟು ನೋಡೋ ಮರಿಮಕ್ಕಳು ನಮ್ಮ ಬಗ್ಗೆ ಏನಂದ್ಕೋತಾರೋ ದೇವರೇ ಬಲ್ಲ.

ರಾಜ್ಯೋತ್ಸವದ ಪ್ರದರ್ಶನಕ್ಕೆ ಫೋಟೋಗಳನ್ನು ಇನ್ನೂ ತಗೋತಿದ್ದೀವಿ. ಫ್ರೇಮಿನಿಂದ ತೆಗೆಯೋಕಾದರೆ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮೊಹರು ಅಲ್ಲೇ ಇರೋದು. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಹಾಗೇ ತನ್ನಿ. ತರೋ ಮೊದಲು ಮನೆಯ ಹಿರಿಯರ ಪಕ್ಕ ಕೂತು, ಅವತ್ತು ಏನಾಯ್ತು ಅಂತ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ನಮ್ಮ ಗೆಳೆಯನ ಅಜ್ಜಿಗೆ 78 ವರ್ಷ. ಆ ಎರಡು ಪ್ಲೇಟಿನ ಕಥೆ ಗೊತ್ತಿರೋದು ಈಗ ಅವರಿಗೊಬ್ಬರಿಗೇ. ಅವರದ್ದೂ ಒಂದು ಫೋಟೋ ಇರಲಿ ಅಂತ ನಾವು ಫೋನ್ ಎತ್ತಿದ್ವಿ. ಅಜ್ಜಿ ಸೆರಗು ಸರಿ ಮಾಡ್ಕೊಂಡು, ಕನ್ನಡಕ ತೆಗೆದಿಟ್ಟು, ತುಟಿ ಬಿಗಿ ಹಿಡಿದು ನೆಟ್ಟಗೆ ಕೂತರು. ಆ ಫೋಟೋನೂ ಪ್ರದರ್ಶನದಲ್ಲಿ ಇಡ್ತಿದ್ದೀವಿ, ಅವರಮ್ಮನ ಪಕ್ಕದಲ್ಲೇ.